32 ಮಕ್ಕಳಿಗೆ 10 ಟ್ಯಾಬ್: ಹಂಚುವುದು, ಚಾರ್ಜ್ ಮಾಡುವುದು, ಮಳೆಗಾಲ ದಾಟಿಸುವುದು ಹೇಗೆ?

ನಾಲ್ಕನೇ ಕ್ಲಾಸ್ ಟೀಚರ್ (ಕಾಪು ಕಡೆ):

ಎಲ್ಲರಿಗೂ ನಮಸ್ಕಾರ. ಸರಕಾರಿ ಹಿರಿಯ ಪ್ರಾಥಮಿಕ ಶಾಲೆ, 4ನೇ ತರಗತಿ, 32 ಮಕ್ಕಳು. ಹಳೆ ವಿದ್ಯಾರ್ಥಿಗಳು ಕೊಟ್ಟ 10 ಟ್ಯಾಬ್ ಉಂಟು. 10 ಇಂಚಿನ ಪರದೆ, ಆಂಡ್ರಾಯ್ಡ್ 13, 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್, 7000 ಎಂಎಎಚ್ ಬ್ಯಾಟರಿ. ಇದೇ ಟ್ಯಾಬ್‌ಗಳು 5ನೇ ತರಗತಿಗೂ ಹೋಗ್ತವೆ, ದಿನಕ್ಕೆ ಒಂದೊಂದು ಪೀರಿಯಡ್.

40 ನಿಮಿಷದ ಪೀರಿಯಡ್‌ನಲ್ಲಿ ಹಂಚಿ ವಾಪಸ್ ಇಡುವುದಕ್ಕೇ 15 ನಿಮಿಷ ಹೋಗ್ತದೆ. ಮೂರು ಮಕ್ಕಳಿಗೆ ಒಂದು ಅಂತ ಕೊಟ್ಟರೆ ಜಗಳ. ಚಾರ್ಜಿಂಗ್‌ಗೆ ಇರುವುದು ಒಂದೇ ಎಕ್ಸ್‌ಟೆನ್ಷನ್ ಬೋರ್ಡ್, ಸಂಜೆ ಹಾಕಿ ಹೋದರೆ ಬೆಳಿಗ್ಗೆವರೆಗೆ ಇರ್ತದೆ, ಅದು ಸರಿಯಾ? ಮಕ್ಕಳು ಪಾಠದ ಆ್ಯಪ್ ಬಿಟ್ಟು ಯೂಟ್ಯೂಬ್, ಕ್ಯಾಮೆರಾ ಕಡೆ ಹೋಗ್ತಾರೆ. ಇನ್ನು ಮಳೆ ಶುರುವಾದರೆ ಕಬ್ಬಿಣದ ಕಪಾಟಿನ ಒಳಗೆ ಪುಸ್ತಕಕ್ಕೇ ಬೂಸ್ಟು ಬರ್ತದೆ, ಟ್ಯಾಬ್ ಗತಿ ಏನು? ಪತ್ತನಾಜೆಯ (ಮೇ ಕೊನೆಯ ವಾರ) ಮೊದಲು ವ್ಯವಸ್ಥೆ ಮಾಡಿಕೊಳ್ಳಬೇಕು ಅಂತ ಇದೆ. ಗೊತ್ತಿದ್ದವರು ವಿವರವಾಗಿ ಹೇಳಿ.


ಬೈಂದೂರು ಮೇಷ್ಟ್ರು:

ಟೀಚರೇ, ಮೊದಲು ಒಂದು ಮಾತು: 10 ಇದ್ದರೆ 10ನ್ನೂ ಹಂಚಬೇಡಿ. 8 ಹಂಚಿ, 2 ಕಪಾಟಿನಲ್ಲಿ ಇರಲಿ. ಪಾಠದ ಮಧ್ಯೆ ಒಂದು ಟ್ಯಾಬ್ ಹ್ಯಾಂಗ್ ಆದರೆ ನೀವು ಅದರ ಹಿಂದೆ ಬೀಳ್ತೀರಿ, ಉಳಿದ 30 ಮಕ್ಕಳು ನಿಮ್ಮನ್ನು ನೋಡ್ತಾ ಕೂತಿರ್ತಾರೆ. ಬದಲಿ ಕೊಟ್ಟು ಮುಂದೆ ಹೋಗುವ ಹಾಗೆ ಇರಬೇಕು.

ಲೆಕ್ಕ ಹೀಗೆ. 32 ಮಕ್ಕಳು ಅಂದರೆ 16 ಜೋಡಿ. 1ರಿಂದ 8ನೇ ಜೋಡಿ ಮೊದಲ ತಂಡ, 9ರಿಂದ 16 ಎರಡನೆಯದು. 9ನೇ ಜೋಡಿಗೆ 1ನೇ ಟ್ಯಾಬ್, 10ನೇ ಜೋಡಿಗೆ 2ನೇ ಟ್ಯಾಬ್, ಹೀಗೇ. ಪಟ್ಟಿ ಗೋಡೆಯ ಮೇಲಿರಲಿ, ತಿಂಗಳವರೆಗೆ ಬದಲಿಸಬೇಡಿ. ಒಂದು ಟ್ಯಾಬ್ ನಿಮ್ಮ ಕ್ಲಾಸಿನಲ್ಲಿ ನಾಲ್ಕೇ ಮಕ್ಕಳ ಕೈಗೆ ಹೋಗ್ತದೆ. ಗೀರು ಬಿದ್ದರೆ ಯಾವ ದಿನ, ಹೇಗೆ ಅಂತ ಕೇಳಿ ತಿಳಿಯಲು ಅಷ್ಟು ಸಾಕು. ಅದನ್ನು ಕಳ್ಳನನ್ನು ಹಿಡಿಯುವ ಪಟ್ಟಿ ಮಾಡಿದಿರೋ, ಆಮೇಲೆ ಮಕ್ಕಳು ಕೆಟ್ಟದ್ದನ್ನು ಹೇಳುವುದೇ ಇಲ್ಲ.

40 ನಿಮಿಷದಲ್ಲಿ 3 ನಿಮಿಷ ಹಂಚಲು, 15 ಮೊದಲ ತಂಡಕ್ಕೆ, 2 ಬದಲಾಯಿಸಲು, 15 ಎರಡನೇ ತಂಡಕ್ಕೆ, 5 ವಾಪಸ್ ಇಡಲು. ಟ್ಯಾಬ್ ಇಲ್ಲದ ತಂಡಕ್ಕೆ ಅದೇ ಪಾಠದ ಕೈಕೆಲಸ ಇರಬೇಕು. ಭಿನ್ನರಾಶಿ ಅಂದರೆ ಇಲ್ಲಿ ಪರದೆಯಲ್ಲಿ ಭಾಗ ಮಾಡುವುದು, ಅಲ್ಲಿ ಕಾಗದ ಮಡಚಿ ಭಾಗ ಮಾಡುವುದು. "ಸುಮ್ಮನೆ ಓದಿಕೊಳ್ಳಿ" ಅಂದರೆ ಆ 16 ಮಕ್ಕಳೂ ಟ್ಯಾಬ್ ಕಡೆ ಕತ್ತು ಚಾಚ್ತಾರೆ.

ಜೋಡಿಯ ಒಳಗೂ ಜಗಳ ಇದ್ದದ್ದೇ. ಒಬ್ಬ "ಕೈ", ಇನ್ನೊಬ್ಬ "ಬಾಯಿ". ಬಾಯಿ ಹೇಳಿದ್ದನ್ನು ಮಾತ್ರ ಕೈ ಒತ್ತಬೇಕು. 7 ನಿಮಿಷಕ್ಕೆ ಗಂಟೆ ಹೊಡೆದು ಅದಲು ಬದಲು. ಮೂರನೆಯವನನ್ನು ಸೇರಿಸಿದರೆ ಅವನು ಪರದೆಯನ್ನು ಓರೆಯಾಗಿ ನೋಡ್ತಾ ಕೂರ್ತಾನೆ, ಕಲಿಯುವುದು ಏನೂ ಇಲ್ಲ.

ನಂಬರ್ ಬಗ್ಗೆ: ಕಾಗದದ ಸ್ಟಿಕ್ಕರ್ ನಮ್ಮ ಹವೆಗೆ ಒಂದು ಮಳೆಗಾಲ ಬಾಳುವುದಿಲ್ಲ. ಪರ್ಮನೆಂಟ್ ಮಾರ್ಕರ್‌ನಿಂದ ಕವರಿನ ಹಿಂದೆ ದೊಡ್ಡದಾಗಿ ಬರೆದು, ಒಣಗಿದ ಮೇಲೆ ಮೇಲಿಂದ ಪಾರದರ್ಶಕ ನೈಲ್ ಪಾಲಿಶ್ ಹಚ್ಚಿ. ಅದೇ ನಂಬರನ್ನು ಲಾಕ್ ಸ್ಕ್ರೀನಿನ ಚಿತ್ರವಾಗಿಯೂ ಹಾಕಿ, ಕೇಬಲ್‌ನ ಎರಡೂ ತುದಿಗೆ ಹಾಕಿ, ಇಡುವ ಜಾಗಕ್ಕೂ ಹಾಕಿ. ಇಡಲು ವಿಶೇಷ ಟ್ರಾಲಿ ಬೇಕಿಲ್ಲ. ಅಡುಗೆಮನೆಯ ಸ್ಟೀಲ್ ಪ್ಲೇಟ್ ಸ್ಟ್ಯಾಂಡ್ ತನ್ನಿ. ಟ್ಯಾಬ್ ನಿಂತುಕೊಂಡಿರ್ತದೆ, ಮಧ್ಯೆ ಗಾಳಿ ಆಡ್ತದೆ, ಖಾಲಿ ಜಾಗ ದೂರದಿಂದಲೇ ಕಾಣ್ತದೆ. ಒಂದರ ಮೇಲೊಂದು ಪೇರಿಸಿದರೆ ಕೆಳಗಿನ ಪರದೆಯ ಮೇಲೆ ಅಷ್ಟೂ ಭಾರ.

ವಾರಕ್ಕೆ ಇಬ್ಬರು ಟ್ಯಾಬ್ ಲೀಡರ್. ಒಂದು ಸಲಕ್ಕೆ ಒಂದೇ ಟ್ಯಾಬ್, ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದು. ಮಕ್ಕಳು ಚಾಪೆಯಲ್ಲಿ ಕೂತಿರಲಿ. ಹಳೆಯ ಇಳಿಜಾರು ಡೆಸ್ಕ್‌ನಿಂದ ಟ್ಯಾಬ್ ಜಾರಿ ಬೀಳುವುದೇ ಹೆಚ್ಚು, ಚಾಪೆಯಿಂದ ಬೀಳಲು ಜಾಗವೇ ಇಲ್ಲ. ನಿಮ್ಮ ಮಾತು ಕೇಳಿಸಬೇಕಾದಾಗ "ಟ್ಯಾಬ್ ಕವುಚಿ ಹಾಕಿ" ಅನ್ನಬೇಡಿ, ಕಡಲ ಬದಿಯ ಶಾಲೆ, ನೆಲದಲ್ಲಿ ಮರಳು ಇದ್ದೇ ಇರ್ತದೆ, ಗಾಜಿಗೆ ಗೀರು. "ಕೈ ತಲೆ ಮೇಲೆ" ಅನ್ನಿ, ಸಾಕು.

ಬಿಸಿಯೂಟದ ಮೊದಲಿನ ಪೀರಿಯಡ್ ಒಳ್ಳೆಯದು. ಆಮೇಲೆ ಆದರೆ ಕೈ ತೊಳೆದು, ಒರೆಸಿ. ಒದ್ದೆ ಬೆರಳಿಗೆ ಪರದೆ ತಪ್ಪು ತಪ್ಪಾಗಿ ಸ್ಪಂದಿಸ್ತದೆ, ಮಕ್ಕಳು ಜೋರಾಗಿ ಒತ್ತಲು ಶುರು ಮಾಡ್ತಾರೆ. ನೀರಿನ ಬಾಟಲಿ ಎಲ್ಲ ಬಾಗಿಲ ಹತ್ತಿರ. ಮೊದಲ ಎರಡು ಪೀರಿಯಡ್ ಪಾಠ ಮಾಡಲೇಬೇಡಿ, ಎತ್ತುವುದು, ತೆರೆಯುವುದು, ಮುಚ್ಚುವುದು, ಇಡುವುದು, ಅಷ್ಟನ್ನೇ ಮಾಡಿಸಿ. ನಿಮ್ಮ 15 ನಿಮಿಷ ಅಲ್ಲೇ ಉಳಿಯುವುದು.

ನಲಿ-ಕಲಿಯ 1ರಿಂದ 3ನೇ ತರಗತಿಗೂ ಕೇಳ್ತಾರೆ ಮುಂದೆ. ಅಲ್ಲಿಗೆ ಎರಡು ಟ್ಯಾಬ್ ಸಾಕು, ಒಂದು ತಟ್ಟೆಗೆ, ಅಂದರೆ ಒಟ್ಟಿಗೆ ಕೂರುವ ಒಂದು ಗುಂಪಿಗೆ ಮಾತ್ರ.


ಕಾರ್ಕಳ ವಯರಿಂಗ್:

ಚಾರ್ಜಿಂಗ್ ವಿಷಯ ನಾನು ಹೇಳ್ತೇನೆ. ಸಂಜೆ ಹಾಕಿ ಬಾಗಿಲು ಬೀಗ ಹಾಕಿ ಹೋಗುವುದನ್ನು ಇವತ್ತೇ ನಿಲ್ಲಿಸಿ ಟೀಚರೇ. ಬೆಂಕಿಯ ಭಯ ಒಂದು. ಇನ್ನೊಂದು, ಮಳೆಗಾಲದಲ್ಲಿ ರಜೆ ಘೋಷಣೆ ಬರುವುದೇ ರಾತ್ರಿ. ಪ್ಲಗ್‌ನಲ್ಲಿ ಬಿಟ್ಟ ಟ್ಯಾಬ್ ಎರಡು ಮೂರು ದಿನ ಶೇ. 100ರಲ್ಲೇ ಕೂತಿರ್ತದೆ. ಲಿಥಿಯಂ ಬ್ಯಾಟರಿ ಬೇಗ ಹಾಳಾಗುವುದು ಎರಡು ಕಾರಣಕ್ಕೆ: ತುಂಬಿದ ಚಾರ್ಜ್‌ನಲ್ಲೇ ಇರುವುದು, ಬಿಸಿ. ಮುಚ್ಚಿದ ಕಬ್ಬಿಣದ ಕಪಾಟಿನಲ್ಲಿ ಎರಡೂ ಒಟ್ಟಿಗೆ ಸಿಗ್ತದೆ.

ನಿಜ ಹೇಳಬೇಕೆಂದರೆ ದಿನಾ ಚಾರ್ಜ್ ಬೇಕೇ ಇಲ್ಲ. 7000 ಎಂಎಎಚ್ ಅಂದರೆ ಸುಮಾರು 26 ವ್ಯಾಟ್-ಅವರ್. ಪರದೆಯ ಬೆಳಕು ಅರ್ಧಕ್ಕೆ ಇಳಿಸಿದರೆ 8 ಗಂಟೆ ಬರುವ ಬ್ಯಾಟರಿ. ನಿಮ್ಮದು ಎರಡು ತರಗತಿ ಸೇರಿ ದಿನಕ್ಕೆ ಒಂದು ಗಂಟೆ, ಅಂದರೆ ಶೇ. 12-13 ಖರ್ಚು. 80ಕ್ಕೆ ತುಂಬಿಸಿದರೆ ನಾಲ್ಕು ದಿನದ ನಂತರವೂ 30ರ ಹತ್ತಿರ ಇರ್ತದೆ. ಮಂಗಳವಾರ ಮತ್ತು ಶುಕ್ರವಾರ, ಶಾಲೆ ನಡೆಯುವ ಹೊತ್ತಿನಲ್ಲಿ, ಕಪಾಟಿನ ಬಾಗಿಲು ತೆರೆದಿಟ್ಟು. ಬೆಳಿಗ್ಗೆ 5 ಟ್ಯಾಬ್, ಊಟದ ನಂತರ ಉಳಿದ 5. 10 ವ್ಯಾಟ್ ಚಾರ್ಜರ್‌ನಲ್ಲಿ 20ರಿಂದ 80ಕ್ಕೆ ಹೋಗಲು ಸುಮಾರು ಎರಡು ಗಂಟೆ. ಕೆಲವು ಟ್ಯಾಬ್‌ಗಳ ಬ್ಯಾಟರಿ ಸೆಟ್ಟಿಂಗ್‌ನಲ್ಲೇ 80ಕ್ಕೆ ನಿಲ್ಲಿಸುವ ಆಯ್ಕೆ ಇರ್ತದೆ, ಇದ್ದರೆ ಆನ್ ಮಾಡಿ.

"10 ಚಾರ್ಜರ್ ಹಾಕಿದರೆ ಲೋಡ್ ಜಾಸ್ತಿ" ಅಂತ ಎಲ್ಲರೂ ಹೆದರ್ತಾರೆ. ಅದು ತಪ್ಪು ಹೆದರಿಕೆ. 15 ವ್ಯಾಟ್‌ನ 10 ಚಾರ್ಜರ್ ಅಂದರೆ 150, ನಷ್ಟ ಸೇರಿ 180 ವ್ಯಾಟ್, 230 ವೋಲ್ಟ್‌ನಲ್ಲಿ ಒಂದು ಆಂಪಿಯರ್ ಕೂಡ ಆಗುವುದಿಲ್ಲ. 6 ಆಂಪಿಯರ್ ಸಾಕೆಟ್‌ಗೆ ಅದು ಲೆಕ್ಕಕ್ಕೇ ಇಲ್ಲ. ಅಪಾಯ ಇರುವುದು ಸಡಿಲ ಸಾಕೆಟ್‌ನಲ್ಲಿ. ಬೋರ್ಡಿಗೆ ಬೋರ್ಡು ಸಿಕ್ಕಿಸುವುದು, ಅಡಾಪ್ಟರ್ ಅರ್ಧ ಮಾತ್ರ ಒಳಗೆ ಹೋಗಿರುವುದು, ಅಲ್ಲಿ ಕಿಡಿ ಹಾರಿ ಪಿನ್ ಬಿಸಿಯಾಗ್ತದೆ. ಅರ್ಧ ಗಂಟೆ ಚಾರ್ಜ್ ಆದ ಮೇಲೆ ಸ್ವಿಚ್ ಆಫ್ ಮಾಡಿ ಪ್ಲಗ್ ತೆಗೆದು, ಪಿನ್ನಿನ ಹತ್ತಿರದ ಪ್ಲಾಸ್ಟಿಕ್ ಮುಟ್ಟಿ ನೋಡಿ. ಸುಡ್ತಾ ಇದ್ದರೆ ಆ ಸಾಕೆಟ್ ಬದಲಿಸಿ.

ಹತ್ತು ಪೋರ್ಟಿನ ಒಂದೇ ಚಾರ್ಜರ್ ಕೊಳ್ಳುವುದಾದರೆ ಒಟ್ಟು ವ್ಯಾಟ್ ನೋಡಿ. "10 ಪೋರ್ಟ್, 60 ವ್ಯಾಟ್" ಅಂದರೆ ಹತ್ತೂ ಹಾಕಿದಾಗ ತಲಾ 6 ವ್ಯಾಟ್ ಮಾತ್ರ, 20ರಿಂದ 80ಕ್ಕೆ ಹೋಗಲು ಮೂರು ಗಂಟೆಗೂ ಹೆಚ್ಚು ಬೇಕು. ಬಿಐಎಸ್ ಗುರುತು ಮತ್ತು ಅದರ ಜೊತೆ ನೋಂದಣಿ ಸಂಖ್ಯೆ ಇಲ್ಲದ ಅಡಾಪ್ಟರ್ ಮುಟ್ಟಬೇಡಿ. ಕೇಬಲ್ 30 ಸೆಂಟಿಮೀಟರ್‌ನ ಗಿಡ್ಡದು ಸಾಕು. ಉದ್ದದ ತೆಳು ಕೇಬಲ್‌ನಲ್ಲಿ ವೋಲ್ಟೇಜ್ ಇಳಿದು ಚಾರ್ಜ್ ನಿಧಾನ ಆಗ್ತದೆ, ಮತ್ತೆ ಜಡೆ ಹೆಣೆದ ಹಾಗೆ ಸಿಕ್ಕಾಗ್ತದೆ. ಕೇಬಲ್ ಸಾಯುವುದು ಕುತ್ತಿಗೆಯಲ್ಲಿ, ಟ್ಯಾಬ್‌ಗೆ ಸುತ್ತಿ ಇಡುವುದರಿಂದ.

ಸೀಮೆಸುಣ್ಣದ ಪುಡಿ ಟೈಪ್-ಸಿ ಪೋರ್ಟ್ ಒಳಗೆ ಗಟ್ಟಿಯಾಗಿ ಕೂರ್ತದೆ. ಪಿನ್ ಪೂರ್ತಿ ಒಳಗೆ ಹೋಗುವುದಿಲ್ಲ, ಮಕ್ಕಳು ಒತ್ತಿ ಒತ್ತಿ ಪೋರ್ಟ್ ಅಲುಗಾಡಿಸ್ತಾರೆ. ಟ್ಯಾಬ್ ಆಫ್ ಮಾಡಿ ಮರದ ಟೂತ್‌ಪಿಕ್‌ನಿಂದ ಮೆತ್ತಗೆ ತೆಗೆಯಿರಿ, ಗುಂಡುಸೂಜಿ ಬೇಡ. ಕಪಾಟು ಕಪ್ಪುಹಲಗೆಯಿಂದ ದೂರದ ಮೂಲೆಗೆ ಹೋಗಲಿ.

ಇನ್ನು ಅರ್ತಿಂಗ್. ಸ್ಪೈಕ್ ಗಾರ್ಡ್ (ವೋಲ್ಟೇಜ್ ದಿಢೀರ್ ಏರುವುದನ್ನು ತಡೆಯುವ ಬೋರ್ಡ್) ತಂದರೆ ಮುಗಿಯಿತು ಅಂತ ಅಂದುಕೊಳ್ಳಬೇಡಿ, ಅರ್ತ್ ಸರಿ ಇಲ್ಲದಿದ್ದರೆ ಅದು ಅರ್ಧ ಕೆಲಸವೂ ಮಾಡುವುದಿಲ್ಲ. ಹಳೆ ಕಟ್ಟಡಗಳಲ್ಲಿ ಮೂರು ಪಿನ್ ಸಾಕೆಟ್ ಇರ್ತದೆ, ಮೂರನೇ ವಯರೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಹತ್ತಿರ ಅಳೆಸಿ: ಫೇಸ್-ಅರ್ತ್ ನಡುವೆ 230ರ ಹತ್ತಿರ, ನ್ಯೂಟ್ರಲ್-ಅರ್ತ್ ನಡುವೆ 2-3 ವೋಲ್ಟ್ ಒಳಗೆ ಇರಬೇಕು. ನಮ್ಮ ಮುರಕಲ್ಲು ನೆಲ ಬೇಸಿಗೆಯಲ್ಲಿ ಒಣಗಿ ಅರ್ತ್ ದುರ್ಬಲ ಆಗ್ತದೆ, ಅರ್ತ್ ಹಾಕಿದ ಗುಂಡಿಗೆ ಏಪ್ರಿಲ್-ಮೇಯಲ್ಲಿ ನೀರು ಹಾಕ್ತಾ ಇರಬೇಕು. ಆ ಸರ್ಕ್ಯೂಟ್‌ಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ, ಮಕ್ಕಳ ಕೈ ಹೋಗುವ ಜಾಗ.

ಸಿಡಿಲಿನ ಕಾಲ ಎರಡು: ಮಳೆಗಾಲಕ್ಕೆ ಮುಂಚಿನ ಸಂಜೆಗಳು, ಮತ್ತೆ ತುಲಾ ತಿಂಗಳಿನ ಅಕ್ಟೋಬರ್ ಸಂಜೆಗಳು. ಸ್ವಿಚ್ ಆಫ್ ಮಾಡಿದರೆ ಸಾಲದು. ಸ್ವಿಚ್ಚಿನ ಒಳಗಿನ ಅಂತರ ಕೆಲವೇ ಮಿಲಿಮೀಟರ್, ನ್ಯೂಟ್ರಲ್ ಹಾಗೇ ಜೋಡಿಸಿರ್ತದೆ. ಪ್ಲಗ್ ಕಿತ್ತು ಇಡಬೇಕು. ರೌಟರ್ ಕೂಡ.


ಅಡ್ಮಿನ್ ಮೂಡುಬಿದಿರೆ:

ಸಾಫ್ಟ್‌ವೇರ್ ಭಾಗ. ದುಡ್ಡು ಕೊಡದೆ ಆಗುವಷ್ಟು ಮಾತ್ರ ಬರೀತೇನೆ.

ಮೊದಲು ಖಾತೆ. ಶಿಕ್ಷಕರ ಸ್ವಂತ ಜಿಮೇಲ್ ಹಾಕಬೇಡಿ. ಶಾಲೆಯ ಹೆಸರಿನ ಒಂದು ಖಾತೆ ಮಾಡಿ, ರಿಕವರಿ ನಂಬರ್ ಶಾಲೆಯದ್ದೇ ಇರಲಿ. ಟೀಚರ್‌ಗೆ ವರ್ಗಾವಣೆ ಆದ ಮೇಲೆ ಯಾರಾದರೂ ಟ್ಯಾಬನ್ನು ರಿಕವರಿ ಮೆನುವಿನಿಂದ ರೀಸೆಟ್ ಮಾಡಿದರೆ ಅದು ಹಳೆಯ ಖಾತೆಯ ಪಾಸ್‌ವರ್ಡ್ ಕೇಳ್ತದೆ, ಇಲ್ಲದಿದ್ದರೆ ತೆರೆಯುವುದೇ ಇಲ್ಲ. ಪಾಸ್‌ವರ್ಡ್ ಬರೆದ ಲಕೋಟೆ ಎಚ್‌ಎಂ (ಮುಖ್ಯ ಶಿಕ್ಷಕರು) ಕಪಾಟಿನಲ್ಲಿ ಇರಲಿ.

ಯೂಟ್ಯೂಬ್‌ಗೆ ಓಡುವುದಕ್ಕೆ ಆ್ಯಪ್ ಪಿನ್ನಿಂಗ್ ಮದ್ದು, ಅಂದರೆ ಪರದೆಯನ್ನು ಒಂದೇ ಆ್ಯಪ್‌ಗೆ ಕಟ್ಟಿಹಾಕುವುದು. ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ, ಅದರೊಳಗೆ ಆ್ಯಪ್ ಪಿನ್ನಿಂಗ್ ಆನ್ ಮಾಡಿ. ಕೆಳಗೆ "ಅನ್‌ಪಿನ್ ಮಾಡುವ ಮೊದಲು ಪಿನ್ ಕೇಳು" ಅಂತ ಇನ್ನೊಂದು ಸ್ವಿಚ್ ಉಂಟು, ಅದನ್ನು ಬಿಟ್ಟರೆ ಎಲ್ಲ ವ್ಯರ್ಥ. ಹೊರಗೆ ಬರುವ ಬೆರಳಿನ ಚಲನೆಯನ್ನು ಮಕ್ಕಳು ಎರಡು ದಿನದಲ್ಲಿ ಕಂಡುಹಿಡೀತಾರೆ. ಆಮೇಲೆ ಪಾಠದ ಆ್ಯಪ್ ತೆರೆದು, ಇತ್ತೀಚಿನ ಆ್ಯಪ್‌ಗಳ ಪರದೆಗೆ ಹೋಗಿ, ಆ್ಯಪ್‌ನ ಐಕಾನ್ ಒತ್ತಿ "ಪಿನ್". ಕೆಲವು ಕಂಪನಿಯ ಟ್ಯಾಬ್‌ಗಳಲ್ಲಿ ಮೆನುವಿನ ಹೆಸರು ಬೇರೆ, ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ಪಿನ್ ಅಂತ ಬರೆದರೆ ಸಿಗ್ತದೆ. ಲಾಕ್‌ಗೆ ಪ್ಯಾಟರ್ನ್ ಬೇಡ, 6 ಅಂಕಿಯ ಪಿನ್ ಇರಲಿ. ತೆಂಗಿನೆಣ್ಣೆ ತಲೆಗೆ ಹಚ್ಚಿದ ಕೈಯ ಗೆರೆ ಗಾಜಿನ ಮೇಲೆ ಹಾಗೇ ಕಾಣ್ತದೆ ಮಾರಾಯ್ರೆ, ಪ್ಯಾಟರ್ನ್ ಗುಟ್ಟಾಗಿ ಉಳಿಯುವುದಿಲ್ಲ.

ಅದಕ್ಕಿಂತ ದೊಡ್ಡ ಮದ್ದು ಇಂಟರ್ನೆಟ್ ಇಲ್ಲದೆ ಪಾಠ ಮಾಡುವುದು. ದೀಕ್ಷಾ ಆ್ಯಪ್‌ನಲ್ಲಿ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಬೇಕಾದ ಪಾಠ ಮೊದಲೇ ಡೌನ್‌ಲೋಡ್ ಮಾಡಿಡಿ, ತರಗತಿಯಲ್ಲಿ ವೈ-ಫೈ ಆಫ್. ಜಾಹೀರಾತು ತೋರಿಸುವ ಉಚಿತ ಆ್ಯಪ್‌ಗಳೂ ಆಗ ಹೆಚ್ಚುಕಡಿಮೆ ಬಾಯಿ ಮುಚ್ತವೆ. ಹಳೆಯ ಲ್ಯಾಪ್‌ಟಾಪ್ ಒಂದು ಇದ್ದರೆ ಕೋಲಿಬ್ರಿ ಹಾಕಿ. ಲ್ಯಾಪ್‌ಟಾಪ್‌ನಲ್ಲಿರುವ ಪಾಠವನ್ನು ಟ್ಯಾಬ್‌ಗಳಿಗೆ ತೋರಿಸುವ ಮುಕ್ತ ತಂತ್ರಾಂಶ, ದುಡ್ಡಿಲ್ಲ. ಲ್ಯಾಪ್‌ಟಾಪ್ ಮತ್ತು ಟ್ಯಾಬ್‌ಗಳನ್ನು ಒಂದೇ ರೌಟರ್‌ಗೆ ಸೇರಿಸಿ (ಅದಕ್ಕೆ ಇಂಟರ್ನೆಟ್ ಬೇಕಿಲ್ಲ), ಟ್ಯಾಬಿನ ಬ್ರೌಸರ್‌ನಲ್ಲಿ ಲ್ಯಾಪ್‌ಟಾಪ್‌ನ ಐಪಿ ವಿಳಾಸ ಬರೆದು ಕೊನೆಗೆ :8080 ಸೇರಿಸಿದರೆ ಪಾಠಗಳ ಪಟ್ಟಿ ಬರ್ತದೆ. ರೌಟರ್‌ನಲ್ಲಿ ಆ ಲ್ಯಾಪ್‌ಟಾಪ್‌ಗೆ ಐಪಿ ಖಾಯಂ ಮಾಡಿ, ಇಲ್ಲದಿದ್ದರೆ ವಾರಕ್ಕೊಮ್ಮೆ ವಿಳಾಸ ಬದಲಾಗಿ ನೀವು ತಲೆ ಕೆರೆದುಕೊಳ್ತೀರಿ.

ಇಂಟರ್ನೆಟ್ ಬೇಕೇ ಬೇಕಾದರೆ ರೌಟರ್‌ನ ಡಿಎನ್‌ಎಸ್ (ತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) ಜಾಗದಲ್ಲಿ 1.1.1.3 ಮತ್ತು 1.0.0.3 ಹಾಕಿ. ಕ್ಲೌಡ್‌ಫ್ಲೇರ್‌ನ ಉಚಿತ ಸೇವೆ, ಅಶ್ಲೀಲ ಮತ್ತು ವೈರಸ್ ತಾಣಗಳನ್ನು ತಡೀತದೆ. ಯೂಟ್ಯೂಬನ್ನು ತಡೆಯುವುದಿಲ್ಲ, ಅದನ್ನು ಟ್ಯಾಬ್‌ನಲ್ಲೇ ಡಿಸೇಬಲ್ ಮಾಡಿ. ಟ್ಯಾಬಿನ ಪ್ರೈವೇಟ್ ಡಿಎನ್‌ಎಸ್ ಆಫ್ ಇರಬೇಕು, ಇಲ್ಲದಿದ್ದರೆ ಅದು ರೌಟರ್‌ನ ಮಾತು ಕೇಳುವುದಿಲ್ಲ.

ಮೊಬೈಲ್ ಹಾಟ್‌ಸ್ಪಾಟ್ ನಂಬಬೇಡಿ. ಹೆಚ್ಚಿನ ಫೋನ್‌ಗಳು 10 ಅಥವಾ ಅದಕ್ಕೂ ಕಡಿಮೆ ಸಾಧನಕ್ಕೆ ನಿಲ್ಲಿಸ್ತವೆ. ಎಲ್ಲ ಟ್ಯಾಬೂ ಒಟ್ಟಿಗೆ ಅಪ್‌ಡೇಟ್ ಶುರು ಮಾಡಿದರೆ ತಲಾ 500 ಎಂಬಿ ಹಿಡಿದರೂ 5 ಜಿಬಿ, ನಿಮ್ಮ ದಿನದ ಡೇಟಾ ಹೋಯ್ತು. ಆಟೋ ಅಪ್‌ಡೇಟ್ ಆಫ್ ಇಟ್ಟು, ಶನಿವಾರ ಮಕ್ಕಳು ಮನೆಗೆ ಹೋದ ಮೇಲೆ ಎರಡೆರಡೇ ಮಾಡಿ.

ಯೂಸರ್ ಪ್ರೊಫೈಲ್ ಎರಡೇ ಮಾಡಿ, 4ನೇ ತರಗತಿಗೆ ಒಂದು, 5ಕ್ಕೆ ಒಂದು. ಮಗುವಿಗೊಂದು ಪ್ರೊಫೈಲ್ ಅಂದರೆ 64 ಜಿಬಿ ಮತ್ತು 4 ಜಿಬಿ ರ‍್ಯಾಮ್ ಎರಡೂ ಸೋಲ್ತವೆ. ಜಿಬೋರ್ಡ್‌ನಲ್ಲಿ ಕನ್ನಡ ಲಿಪಿಯ ಕೀಲಿಮಣೆ ಸೇರಿಸಿ (ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವುದು ಈ ವಯಸ್ಸಿಗೆ ಬೇಡ), ಮತ್ತು ಕಲಿತ ಪದಗಳನ್ನು ತಿಂಗಳಿಗೊಮ್ಮೆ ಅಳಿಸಿ. ಒಬ್ಬ ಮಗು ಬರೆದ ಹೆಸರು ಇನ್ನೊಬ್ಬರಿಗೆ ಸಲಹೆಯಾಗಿ ಬರುವುದು ಸರಿಯಲ್ಲ. ಕ್ಯಾಮೆರಾಗೆ ಪಾಠದಲ್ಲಿ ಕೆಲಸ ಇಲ್ಲದಿದ್ದರೆ ಡಿಸೇಬಲ್. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆಯ ಮಾತಿದೆ, ಹಾಗಾಗಿ ಮಗುವಿನ ಹೆಸರು, ಹುಟ್ಟಿದ ದಿನಾಂಕ ಕೇಳುವ ಆ್ಯಪ್‌ಗಳಿಂದಲೇ ದೂರ ಇರಿ.


ಕುಂದಾಪುರ 2:

ಬೂಸ್ಟಿಗೆ ಸುಲಭ ಉಪಾಯ, ಕಪಾಟಿನೊಳಗೆ 40 ವ್ಯಾಟ್‌ನ ಹಳೆ ಬಲ್ಬ್ ಉರಿಸಿಡಿ. ಕ್ಯಾಮೆರಾ ಲೆನ್ಸ್, ದಾಖಲೆ ಎಲ್ಲ ಹಾಗೇ ಉಳಿಸ್ತಾ ಇದ್ದದ್ದು ಹಿಂದೆ.


ಸುರತ್ಕಲ್ ರಿಪೇರಿ:

ಲೆನ್ಸಿಗೆ ಆಗ್ತದೆ, ಟ್ಯಾಬಿಗೆ ಬೇಡ. ಲೆನ್ಸಿನಲ್ಲಿ ಬ್ಯಾಟರಿ ಇಲ್ಲವಲ್ಲ. ರಾತ್ರಿಯಿಡೀ ಬಿಸಿ ಪೆಟ್ಟಿಗೆಯಲ್ಲಿ ಇಟ್ಟ ಲಿಥಿಯಂ ಬ್ಯಾಟರಿ ಬೇಗ ಊದ್ತದೆ, ಅದರ ಮೇಲೆ, ಯಾರೂ ಇಲ್ಲದ ಕಟ್ಟಡದಲ್ಲಿ ಪುಸ್ತಕದ ಪಕ್ಕ ಉರಿಯುವ ಬಲ್ಬ್.

ಕಪಾಟಿನಲ್ಲಿ ಸಿಲಿಕಾ ಜೆಲ್ ಇಡುವುದೂ ದಂಡ. ಕಬ್ಬಿಣದ ಕಪಾಟಿನ ಬಾಗಿಲ ಸಂದಿಯಲ್ಲಿ ಗಾಳಿ ಆಡ್ತಾ ಇರ್ತದೆ, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅರ್ಧ ಕೆಜಿ ಜೆಲ್ ಕೂಡ ಕೆಲವೇ ದಿನದಲ್ಲಿ ನೀರು ಕುಡಿದು ಸುಮ್ಮನಾಗ್ತದೆ. ಜೆಲ್ ಕೆಲಸ ಮಾಡುವುದು ಮುಚ್ಚಿದ ಪೆಟ್ಟಿಗೆಯಲ್ಲಿ. ಮುಚ್ಚಳಕ್ಕೆ ರಬ್ಬರ್ ಅಂಚು ಇರುವ ಪ್ಲಾಸ್ಟಿಕ್ ಡಬ್ಬ, ಮುಚ್ಚಿದ ಮೇಲೆ ಪ್ಲೇಟ್ ಸ್ಟ್ಯಾಂಡ್ ಒಳಗೆ ಹಿಡಿಯುವಷ್ಟು ದೊಡ್ಡದು. ಬಟ್ಟೆ ಚೀಲದಲ್ಲಿ 250 ಗ್ರಾಂ ಜೆಲ್, ಒಂದು ಚಿಕ್ಕ ಡಿಜಿಟಲ್ ತೇವಾಂಶ ಮಾಪಕ. ಅದು 45ರಿಂದ 55ರ ನಡುವೆ ತೋರಿಸಿದರೆ ಸಾಕು, 65 ದಾಟಿದರೆ ಜೆಲ್ ಒಣಗಿಸಿ. ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿ, ಸುಮಾರು 120 ಡಿಗ್ರಿ, ಬಣ್ಣ ಮೊದಲಿನಂತೆ ಆಗುವವರೆಗೆ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರ್ತದೆ, ವಿಷ. ಬಿಸಿಯೂಟದ ಪಾತ್ರೆ ಮುಟ್ಟಬೇಡಿ, ಕಿತ್ತಳೆ ಬಣ್ಣದ್ದು ಸಿಕ್ಕರೆ ಅದನ್ನೇ ತನ್ನಿ, ಆದರೂ ಮಕ್ಕಳ ಕೈಗೆ ಸಿಗದ ಹಾಗೆ ಚೀಲ ಹೊಲಿದಿರಲಿ. ಚಾರ್ಜ್ ಮಾಡುವಾಗ ಟ್ಯಾಬ್ ಡಬ್ಬದಿಂದ ಹೊರಗೆ.

ಡಬ್ಬ ಗೋಡೆಗೆ ತಾಗಿಸಬೇಡಿ, ನಾಲ್ಕು ಇಂಚು ಬಿಡಿ. ಹಂಚಿನ ಮಾಡು ಆದರೆ ಒಂದು ಮಳೆ ನೋಡಿ ಸೋರದ ಜಾಗ ಆರಿಸಿ. ಲೆದರಿನ ಹಾಗೆ ಕಾಣುವ ಮಡಚುವ ಕವರ್ ಬೂಸ್ಟಿಗೆ ತವರುಮನೆ, ಫೋಮ್ ಕವರ್ ಒಳ್ಳೆಯದು. "ಪೋರ್ಟ್‌ನಲ್ಲಿ ತೇವ" ಅಂತ ಪರದೆಯಲ್ಲಿ ಬಂದರೆ ಫ್ಯಾನ್ ಎದುರು ಇಡಿ, ಎಚ್ಚರಿಕೆ ಹೋಗುವವರೆಗೆ ಚಾರ್ಜ್ ಬೇಡ. ಅಕ್ಕಿಯಲ್ಲಿ ಹೂತರೆ ಪೋರ್ಟ್ ಒಳಗೆ ಪುಡಿ ಹೋಗ್ತದೆ ಅಷ್ಟೆ.

ಒರೆಸಲು ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲ್, ಮೈಕ್ರೊಫೈಬರ್ ಬಟ್ಟೆಗೆ ಹಾಕಿ, ಪರದೆಗೆ ನೇರ ಸಿಂಪಡಿಸದೆ. ಹ್ಯಾಂಡ್ ಸ್ಯಾನಿಟೈಸರ್‌ನ ಗ್ಲಿಸರಿನ್ ಅಂಟಂಟಾಗಿ ಉಳೀತದೆ. ಹೆಡ್‌ಫೋನ್ ಹಂಚಿಕೊಳ್ಳುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ, ಹೇನಿನ ಕಾಟ. ಧ್ವನಿ ಶೇ. 30ಕ್ಕೆ ಇಳಿಸಿ ಜೋಡಿಗಳನ್ನು ಒಂದೂವರೆ ಮೀಟರ್ ದೂರ ಕೂರಿಸಿ.

ಬೇಸಿಗೆ ರಜೆಗೆ ಬೀಗ ಹಾಕುವಾಗ ಶೇ. 50-60 ಚಾರ್ಜ್, ಪೂರ್ತಿ ಸ್ವಿಚ್ ಆಫ್. ಶೀಟಿನ ಮಾಡಿನ ಕೋಣೆ ಬೇಡ. ಸೊನ್ನೆಯಲ್ಲಿ ಬಿಟ್ಟರೆ ಜೂನ್‌ನಲ್ಲಿ ಏಳುವುದೇ ಇಲ್ಲ. ಒಂದು ಗಂಟೆ ಚಾರ್ಜರ್‌ಗೆ ಹಾಕಿ ನೋಡಿ, ಆಗಲೂ ಏಳದಿದ್ದರೆ ಬಿಟ್ಟುಬಿಡಿ.


ನಾಲ್ಕನೇ ಕ್ಲಾಸ್ ಟೀಚರ್ (ಕಾಪು ಕಡೆ):

ಎಲ್ಲರಿಗೂ ಧನ್ಯವಾದ. ಒಂದು ಸಂಶಯ. 7ನೇ ನಂಬರ್ ಟ್ಯಾಬ್ ಮೇಜಿನ ಮೇಲೆ ಮಲಗಿಸಿದರೆ ಬುಗುರಿಯ ಹಾಗೆ ತಿರುಗ್ತದೆ, ಪರದೆಯ ಒಂದು ಅಂಚು ಸ್ವಲ್ಪ ಎದ್ದಿದೆ. ಆದರೆ ಚಾರ್ಜ್ ಆಗ್ತದೆ, ಕೆಲಸವೂ ಮಾಡ್ತದೆ. ಬಳಸಬಹುದಾ?


ಸುರತ್ಕಲ್ ರಿಪೇರಿ:

ಬೇಡವೇ ಬೇಡ. ಬ್ಯಾಟರಿ ಊದಿದೆ. ಈಗಲೇ ಸ್ವಿಚ್ ಆಫ್ ಮಾಡಿ, ಮತ್ತೆ ಚಾರ್ಜಿಗೆ ಹಾಕಬೇಡಿ, ಎದ್ದ ಅಂಚನ್ನು ಒತ್ತಿ ಕೂರಿಸಲು ಹೋಗಬೇಡಿ, ತೂತಾದರೆ ಬೆಂಕಿ. ಒಣ ಮರಳು ಹಾಕಿದ ಕಬ್ಬಿಣದ ಬಕೆಟ್‌ನಲ್ಲಿಟ್ಟು, ಮಕ್ಕಳು ಹೋಗದ, ಬಿಸಿಲು ಮಳೆ ತಾಗದ ಹೊರಗಿನ ಜಾಗದಲ್ಲಿ ಇಡಿ. ಕಂಪನಿಯ ಸರ್ವಿಸ್ ಸೆಂಟರ್‌ಗೆ ಅಥವಾ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕು, ಕಸದ ಗಾಡಿಗಲ್ಲ. ಹೊಗೆ ಕಂಡರೆ ಹತ್ತಿರ ಹೋಗದೆ 101ಕ್ಕೆ ಫೋನ್. ಉಳಿದ ಒಂಬತ್ತನ್ನೂ ಇವತ್ತೇ ಕವರ್ ತೆಗೆದು ಮೇಜಿನ ಮೇಲೆ ತಿರುಗಿಸಿ ನೋಡಿ, ಮತ್ತೆ ತಿಂಗಳಿಗೊಮ್ಮೆ.


ಬೈಂದೂರು ಮೇಷ್ಟ್ರು:

ಎಚ್‌ಎಂ ಮತ್ತು ಎಸ್‌ಡಿಎಂಸಿಗೆ (ಶಾಲಾಭಿವೃದ್ಧಿ ಸಮಿತಿ) ಬರಹದಲ್ಲಿ ತಿಳಿಸಿ, ದಾಸ್ತಾನು ವಹಿಯಲ್ಲಿ ಇವತ್ತಿನ ದಿನಾಂಕ ಹಾಕಿ "ಬ್ಯಾಟರಿ ಊದಿದೆ, ಬಳಕೆಯಿಂದ ತೆಗೆದಿದೆ" ಅಂತ ನಮೂದಿಸಿ. ಗೋಡೆಯ ಪಟ್ಟಿಯಲ್ಲಿ 7 ಇದ್ದಲ್ಲಿ 9 ಅಂತ ತಿದ್ದಿದರೆ ಮಕ್ಕಳಿಗೆ ಸಾಕು. 9ರ ಮೇಲೆ ಮಾತ್ರ 7 ಅಂತ ಬರೆಯಲು ಹೋಗಬೇಡಿ, ವಹಿಯಲ್ಲಿ ಆ ನಂಬರ್ ಸೀರಿಯಲ್ ನಂಬರಿನ ಜೊತೆ ಹೋಗಿರ್ತದೆ, ಆಡಿಟ್‌ನಲ್ಲಿ ಎರಡೂ ತಾಳೆ ಆಗುವುದಿಲ್ಲ.